ಕುದಿಯುವ ಹಳೆಯ ಕಾರು: ದುರಸ್ತಿಯೋ, ವಿಲೇವಾರಿಯೋ?

ಗೃಹಕೃತ್ಯದ ಪಾಠವೆಂದರೆ ಅಡಿಗೆ, ಹೊಲಿಗೆ, ಶಿಶುಪಾಲನೆ, ಮನೆಯ ಜಮಾಖರ್ಚು ಇಷ್ಟೇ ಎಂದು ಎಣಿಸುತ್ತಿದ್ದ ಕಾಲವೊಂದಿತ್ತು. ಈಗ ಮನೆಯ ಸೊತ್ತುಗಳಲ್ಲಿ ಕಾರೂ ಒಂದಾಗಿದೆ. ನಮ್ಮಲ್ಲಿ ಕಲಿತು ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಅದನ್ನು ತಾವೇ ನಡೆಸುತ್ತಾರೆ; ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆದರೆ ಕಾರು ಕೆಟ್ಟು ನಿಂತಾಗ, ಅದರ ವಿಷಯದಲ್ಲಿ ತೀರ್ಮಾನ ಮಾಡತಕ್ಕ ಕೆಲಸವನ್ನು ಮಾತ್ರ ಇನ್ನೂ ಬೇರೆಯವರಿಗೆ ಬಿಟ್ಟುಕೊಡುವುದುಂಟು. ನಡೆಸಲು ಬಲ್ಲವಳು ತೀರ್ಮಾನಿಸಲಾರಳು ಎಂಬುದಕ್ಕೆ ಕಾರಣವೇನೂ ಇಲ್ಲ. ಒಲೆಯ ಮೇಲಿನ ಪಾತ್ರೆ ಯಾಕೆ ಉಕ್ಕುತ್ತದೆಂದು ತಿಳಿದವಳಿಗೆ ಕಾರಿನ ನೀರು ಯಾಕೆ ಕುದಿಯುತ್ತದೆಂಬುದು ತಿಳಿಯದ ವಿದ್ಯೆಯಲ್ಲ.

ಶಾಂತಿಗ್ರಾಮದಲ್ಲಿ ಸಂಸಾರ ನಡೆಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಕೇಳಿದಳು. ಆಕೆಯ ಮನೆಯಲ್ಲಿ ಹದಿನೆಂಟು ವರ್ಷದ ಪೆಟ್ರೋಲ್ ಕಾರೊಂದುಂಟು. ಅತ್ತೆಯವರಿಗೆ ಮೂತ್ರಪಿಂಡದ ಕಾಯಿಲೆಯಿರುವುದರಿಂದ ವಾರಕ್ಕೆರಡು ಸಲ ಡಯಾಲಿಸಿಸ್ಸಿಗಾಗಿ ಹಾಸನಕ್ಕೆ ಕರೆದುಕೊಂಡು ಹೋಗಬೇಕು. ಮಗಳು ಮಂಗಳೂರಿನಲ್ಲಿ ಓದುತ್ತಾಳಾದ್ದರಿಂದ ವರ್ಷಕ್ಕೆ ಎರಡು ಮೂರು ಸಾರಿ ಶಿರಾಡಿ ಘಾಟಿಯನ್ನು ಇಳಿದು ಹತ್ತಬೇಕು. ಯಜಮಾನರು ಬೆಂಗಳೂರಿನಲ್ಲಿ ನೌಕರಿಯಲ್ಲಿರುವುದರಿಂದ ಕಾರು ನಡೆಸುವವಳು ಆಕೆಯೇ. ಕೆಲವು ವಾರಗಳಿಂದ ಉಷ್ಣವನ್ನು ತೋರಿಸುವ ಮುಳ್ಳು ಮೇಲೇರತೊಡಗಿತ್ತು. ಎರಡು ದಿವಸಕ್ಕೊಮ್ಮೆ ನೀರು ತುಂಬಬೇಕಾಗಿತ್ತು. ವರ್ಕ್‌ಶಾಪಿನವರು ರೇಡಿಯೇಟರನ್ನೂ ನೀರಿನ ಪಂಪನ್ನೂ ಬದಲಾಯಿಸಬೇಕೆಂದರು. ಮೈದುನನು ಇಷ್ಟು ಹಳೆಯ ಗಾಡಿಗೆ ದುಡ್ಡು ಸುರಿಯುವ ಬದಲು ಗುಜರಿಗೆ ಕೊಡಿರೆಂದನು. ಮಾವನವರು, ನೀರು ತುಂಬಿಕೊಂಡು ಹೋದರೆ ಸಾಕು, ತಾವು ಹೀಗೆಯೇ ಎಷ್ಟೋ ವರ್ಷ ನಡೆಸಿದ್ದುಂಟು ಎಂದರು. ಈ ಮೂರು ಮಾತುಗಳಲ್ಲಿ ಯಾವುದನ್ನು ಹಿಡಿಯಬೇಕು? ಇದೇ ಈ ಪಾಠದ ಪ್ರಶ್ನೆ. ಉತ್ತರ ಹೇಳುವ ಮುಂಚೆ ಆ ನೀರು ಏನು ಕೆಲಸ ಮಾಡುತ್ತದೆಂಬುದನ್ನು ತಿಳಿಯತಕ್ಕದ್ದು.

೧. ನೀರಿನ ಕೆಲಸ

ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಹೆಚ್ಚುಕಡಮೆ ನಾಲ್ಕರಲ್ಲೊಂದು ಭಾಗ ಮಾತ್ರ ಗಾಡಿಯನ್ನು ಮುಂದಕ್ಕೆ ತಳ್ಳುವ ಕೆಲಸಕ್ಕೆ ಬರುತ್ತದೆ. ಸುಮಾರು ಮೂರರಲ್ಲೊಂದು ಭಾಗ ಹೊಗೆಯೊಡನೆ ಹೊರಗೆ ಹೋಗುತ್ತದೆ. ಇನ್ನೂ ಸುಮಾರು ಮೂರರಲ್ಲೊಂದು ಭಾಗ ಇಂಜಿನ್ನಿನ ಗೋಡೆಗಳಿಗೆ ತಗಲುತ್ತದೆ. ಈ ಕಡೆಯ ಭಾಗವನ್ನು ಯಾರಾದರೂ ಎತ್ತಿಕೊಂಡು ಹೋಗಬೇಕು. ಇಲ್ಲವಾದರೆ ಲೋಹವೇ ಬೆಂದು ಸೊಟ್ಟಗಾಗುವುದು. ಎತ್ತಿಕೊಂಡು ಹೋಗುವ ಆಳೇ ನೀರು. ನಮಗೆ ತಿಳಿದ ಸಾಮಾನ್ಯ ದ್ರವಗಳಲ್ಲಿ ನೀರಿನಷ್ಟು ಶಾಖವನ್ನು ಹೊರಬಲ್ಲುದು ಇನ್ನೊಂದಿಲ್ಲ; ಹಂಡೆಯ ನೀರು ಕಾಯಲು ಎಷ್ಟು ಸೌದೆ ಬೇಕೆಂಬುದನ್ನು ಕಂಡವರಿಗೆಲ್ಲ ಇದು ಗೊತ್ತು.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಶಾಂತಿಗ್ರಾಮವು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ೭೫ರ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹಾಸನ, ಸಕಲೇಶಪುರಗಳನ್ನು ದಾಟಿದರೆ ಶಿರಾಡಿ ಘಾಟಿ ಸಿಕ್ಕುತ್ತದೆ. ಮಂಗಳೂರಿನಿಂದ ಹಿಂದಿರುಗುವಾಗ ತಗ್ಗಿನಲ್ಲಿರುವ ಗುಂಡ್ಯದಿಂದ ಸುಮಾರು ಎಂಟುನೂರು ಮೀಟರ್ ಮೇಲಕ್ಕೆ ಹತ್ತಬೇಕು. ನಾಲ್ಕು ಜನ ಕುಳಿತ ಸಣ್ಣ ಕಾರಿನ ತೂಕವನ್ನು ೧,೦೦೦ ಕಿಲೋಗ್ರಾಮ್ ಎಂದಿಟ್ಟುಕೊಳ್ಳಿ. ಅದನ್ನು ೮೦೦ ಮೀಟರ್ ಎತ್ತರಕ್ಕೆ ಏರಿಸಲು ಸುಮಾರು ಎಂಟು ಮೆಗಾಜೂಲ್ ಕೆಲಸ ಬೇಕು. ನಾಲ್ಕರಲ್ಲೊಂದು ಭಾಗ ಮಾತ್ರ ಕೆಲಸವಾಗುವುದರಿಂದ ಸುಮಾರು ಮೂವತ್ತೆರಡು ಮೆಗಾಜೂಲ್ ಶಾಖ, ಅಂದರೆ ಒಂದು ಲೀಟರಿನಷ್ಟು ಪೆಟ್ರೋಲು, ಎತ್ತರವನ್ನು ಗೆಲ್ಲುವುದಕ್ಕೇ ಖರ್ಚಾಗುತ್ತದೆ. ಅದರಲ್ಲಿ ಮೂರರಲ್ಲೊಂದು ಪಾಲು, ಹತ್ತು ಮೆಗಾಜೂಲಿಗೆ ಮಿಕ್ಕಿದ ಶಾಖ, ನೀರಿನ ತಲೆಗೆ ಬರುತ್ತದೆ. ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಎರಡೂ ಕಾಲು ಮೆಗಾಜೂಲ್ ಸಾಕು. ಹಾಗಾದರೆ ಆ ಒಂದು ಏರಿನ ಶಾಖವು ನಾಲ್ಕು ಲೀಟರಿಗಿಂತ ಹೆಚ್ಚು ನೀರನ್ನು ಬತ್ತಿಸಬಲ್ಲುದು. ಸಣ್ಣ ಕಾರೊಂದರಲ್ಲಿ ಇರುವ ನೀರೆಲ್ಲ ಸೇರಿ ಹೆಚ್ಚುಕಡಮೆ ಅಷ್ಟೇ. ಆದಕಾರಣ ನೀರು ಇದ್ದರೆ ಸಾಲದು. ಅದು ಹೊತ್ತ ಶಾಖವನ್ನು ಗಾಳಿಗೆ ಒಪ್ಪಿಸಿ, ಮತ್ತೆ ತಂಪಾಗಿ ಹಿಂದಿರುಗಬೇಕು. ಈ ಕೊಡುಕೊಳ್ಳುವಿಕೆ ನಿಂತರೆ ಎಷ್ಟು ತುಂಬಿದರೂ ನೀರು ತೀರಿಹೋಗುವುದು.

ಮೊಟ್ಟಮೊದಲಿನ ಕಾರುಗಳಲ್ಲಿ ನೀರು ಹೀಗೆಯೇ ತೀರಿಹೋಗುತ್ತಿತ್ತು. ಜರ್ಮನಿಯ ಕಾರ್ಲ್ ಬೆಂಜ್ ಎಂಬವರು ೧೮೮೬ರಲ್ಲಿ ಹಕ್ಕುಪತ್ರ ಪಡೆದ ಮೋಟಾರು ಗಾಡಿಯಲ್ಲಿ ನೀರು ಕುದಿದು ಆವಿಯಾಗುವುದರಿಂದಲೇ ಇಂಜಿನ್ ತಣಿಯುತ್ತಿತ್ತು. ಆ ಗಾಡಿಯನ್ನು ದೂರ ಪ್ರಯಾಣಕ್ಕೆ ಮೊದಲು ಕೊಂಡೊಯ್ದವರು ಅವರ ಪತ್ನಿ ಬೆರ್ಥಾ ಬೆಂಜ್. ೧೮೮೮ರ ಆಗಸ್ಟಿನಲ್ಲಿ ಆಕೆ ತನ್ನ ಇಬ್ಬರು ಗಂಡುಮಕ್ಕಳನ್ನು ಕೂಡಿಸಿಕೊಂಡು, ಗಂಡನಿಗೆ ಮುಂದಾಗಿ ತಿಳಿಸದೆ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿಯನ್ನು ನಡೆಸಿಕೊಂಡು ಹೋದರು. ದಾರಿಯುದ್ದಕ್ಕೂ ನೀರು ಸಿಕ್ಕಿದಲ್ಲೆಲ್ಲ ನಿಲ್ಲಿಸಿ ತುಂಬಬೇಕಾಯಿತು. ಪೆಟ್ರೋಲಿನ ನಾಳ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದರು. ಕಾರಿನ ಚರಿತ್ರೆಯಲ್ಲಿ ಮೊದಲ ದೂರಪ್ರಯಾಣವನ್ನೂ ದಾರಿಯ ಮೇಲಿನ ಮೊದಲ ದುರಸ್ತಿಯನ್ನೂ ಮಾಡಿದವರು ಒಬ್ಬ ಹೆಂಗಸು ಎಂಬುದನ್ನು ನಮ್ಮ ಹುಡುಗಿಯರು ಮರೆಯಕೂಡದು. ಅನಂತರ ೧೯೦೦ರ ಸುಮಾರಿಗೆ ವಿಲ್ಹೆಲ್ಮ್ ಮೇಬಾಕ್ ಎಂಬ ಇಂಜಿನಿಯರು ಜೇನುಗೂಡಿನಂಥ ರೇಡಿಯೇಟರನ್ನು ಮಾಡಿ ಮರ್ಸಿಡೀಸ್ ಕಾರಿಗೆ ಜೋಡಿಸಿದರು. ಸ್ವಲ್ಪ ನೀರೇ ಮತ್ತೆ ಮತ್ತೆ ಸುತ್ತಿ ಕೆಲಸ ಮಾಡುವಂತಾಯಿತು.

೨. ಅಂಗಗಳ ಪರಿಚಯ

ರೇಡಿಯೇಟರು ಕಾರಿನ ಮುಖದ ಹಿಂದೆ ನಿಂತಿರುವ ತೆಳುವಾದ ನಾಳಗಳ ಚೌಕಟ್ಟು. ನಾಳಗಳ ನಡುವೆ ಕಾಗದದಷ್ಟು ತೆಳ್ಳಗಿನ ಲೋಹದ ರೆಕ್ಕೆಗಳಿರುತ್ತವೆ. ಬಿಸಿ ಹಾಲನ್ನು ಅಗಲವಾದ ತಟ್ಟೆಗೆ ಸುರಿದರೆ ಬೇಗ ಆರುವಂತೆ, ಇಲ್ಲಿ ನೀರು ಹರಡಿ ಹರಿದು ಗಾಳಿಗೆ ಶಾಖವನ್ನು ಕೊಡುತ್ತದೆ.

ನೀರಿನ ಪಂಪು ಸುತ್ತು ತಪ್ಪದಂತೆ ನೀರನ್ನು ತಳ್ಳುತ್ತದೆ. ಹೋಸ್ ಪೈಪುಗಳೆಂಬ ರಬ್ಬರಿನ ನಾಳಗಳು ಇಂಜಿನ್ನಿಗೂ ರೇಡಿಯೇಟರಿಗೂ ಸಂಬಂಧ ಕಲ್ಪಿಸುತ್ತವೆ. ಫ್ಯಾನು, ಗಾಡಿ ನಿಂತಿರುವಾಗ ಅಥವಾ ನಿಧಾನವಾಗಿ ಹೋಗುವಾಗ ಗಾಳಿಯನ್ನು ಎಳೆಯುತ್ತದೆ; ಈಗಿನ ಕಾರುಗಳಲ್ಲಿ ಅದು ವಿದ್ಯುತ್ತಿನಿಂದ, ನೀರು ಬಿಸಿಯಾದಾಗ ಮಾತ್ರ, ತಿರುಗುತ್ತದೆ.

ಥರ್ಮೋಸ್ಟಾಟು ಒಂದು ಸಣ್ಣ ಬಾಗಿಲು. ಇದರೊಳಗೆ ಮೇಣವಿರುತ್ತದೆ. ಇಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿದ್ದು ನೀರು ಬೇಗ ಕಾಯುವಂತೆ ಮಾಡುತ್ತದೆ. ನೀರು ಸುಮಾರು ೮೨ರಿಂದ ೮೮ ಡಿಗ್ರಿ ಕಾದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತೆರೆಯುತ್ತದೆ. ಈ ಬಾಗಿಲು ಮುಚ್ಚಿದಂತೆಯೇ ಕಚ್ಚಿಕೊಂಡರೆ, ರೇಡಿಯೇಟರು ಹೊಸದಾಗಿದ್ದರೂ ಪ್ರಯೋಜನವಿಲ್ಲ.

ಕಡೆಯದಾಗಿ ರೇಡಿಯೇಟರಿನ ಮುಚ್ಚಳ. ಬೆಲೆಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಕೆಲಸದಲ್ಲಿ ಚಿಕ್ಕದಲ್ಲ. ಸಮುದ್ರದ ಮಟ್ಟದಲ್ಲಿ ನೀರು ೧೦೦ ಡಿಗ್ರಿಯಲ್ಲಿ ಕುದಿಯುತ್ತದೆ. ಸಮುದ್ರದಿಂದ ಒಂಬೈನೂರು ಮೀಟರಿಗೂ ಎತ್ತರವಿರುವ ನಮ್ಮ ಹಾಸನದ ಸೀಮೆಯಲ್ಲಿ ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಘಾಟಿ ಹತ್ತುವ ಇಂಜಿನ್ನಿನ ನೀರು ಈ ಅಂಕೆಯನ್ನು ಸುಲಭವಾಗಿ ಮುಟ್ಟುವುದು. ಆದಕಾರಣ ಪ್ರೆಷರ್ ಕುಕ್ಕರಿನ ತೂಕದಂತೆ ಈ ಮುಚ್ಚಳದ ಸ್ಪ್ರಿಂಗು ಒತ್ತಡವನ್ನು ಹಿಡಿದಿಟ್ಟು, ನೀರು ೧೧೫ ಡಿಗ್ರಿಯವರೆಗೂ ಕುದಿಯದಂತೆ ತಡೆಯುತ್ತದೆ. ಸ್ಪ್ರಿಂಗು ಸಡಿಲವಾದರೆ ಅಥವಾ ರಬ್ಬರು ಬಿರಿದರೆ ಒತ್ತಡ ನಿಲ್ಲದು. ತೂಕ ತೆಗೆದ ಕುಕ್ಕರಿನಂತೆ ನೀರು ಆವಿಯಾಗಿ ಹೋಗುತ್ತದೆ. ನೀರಿನೊಡನೆ ಕೂಲೆಂಟ್ ಎಂಬ ಬಣ್ಣದ ದ್ರವವನ್ನು ಬೆರಸುವುದೂ ಇದೇ ಸಲುವಾಗಿ: ಅದು ಕುದಿಯುವ ಅಂಕೆಯನ್ನು ಇನ್ನಷ್ಟು ಏರಿಸುತ್ತದೆ, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಹಿಮ ಬೀಳದ ನಮ್ಮ ನಾಡಿನಲ್ಲಿ ಅದು ಬೇಡವೆಂಬ ಮಾತು ಸರಿಯಲ್ಲ. ಆದರೆ ಅದು ಸಿಹಿರುಚಿಯ ವಿಷ. ಮಕ್ಕಳಿಗೂ ನಾಯಿಬೆಕ್ಕುಗಳಿಗೂ ಎಟುಕದಂತೆ ಇಡತಕ್ಕದ್ದು.

೩. ಮುಪ್ಪು ಹೇಗೆ ಬರುತ್ತದೆ?

ರಬ್ಬರಿನ ನಾಳಗಳು ಕಾಲಕ್ರಮದಲ್ಲಿ ಗಡುಸಾಗಿ ಬಿರಿಯುತ್ತವೆ, ಇಲ್ಲವೆ ಮೆತ್ತಗಾಗಿ ಉಬ್ಬುತ್ತವೆ. ಪಂಪಿನ ಒಳಗಿನ ಸೀಲು ಸವೆದು ನೀರು ಜಿನುಗುತ್ತದೆ. ಇವು ವಯಸ್ಸಿನಿಂದ ಬರತಕ್ಕವು. ಇನ್ನು ನಾವೇ ಬರಮಾಡಿಕೊಳ್ಳುವ ಮುಪ್ಪೊಂದುಂಟು. ಬೋರ್‌ವೆಲ್ಲಿನ ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಸುಣ್ಣದ ಹೆಕ್ಕಳೆ ಕಟ್ಟುವುದನ್ನು ಎಲ್ಲರೂ ಕಂಡಿದ್ದಾರೆ. ಅದೇ ನೀರನ್ನು ಕಾರಿಗೆ ತುಂಬಿದರೆ ಅದೇ ಹೆಕ್ಕಳೆ ರೇಡಿಯೇಟರಿನ ಕಿರಿದಾದ ನಾಳಗಳಲ್ಲಿ ಕಟ್ಟುತ್ತದೆ. ಅದು ಶಾಖವನ್ನು ದಾಟಗೊಡುವುದಿಲ್ಲ, ನೀರನ್ನೂ ಹರಿಯಗೊಡುವುದಿಲ್ಲ. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕೆಂಬುದು ಇದಕ್ಕಾಗಿ. ಹೊರಗಣ ಕಾರಣವೂ ನಮ್ಮ ಕಡೆ ಉಂಟು: ಸುಗ್ಗಿಯ ಕಾಲದಲ್ಲಿ ಹುರುಳಿಯನ್ನೂ ರಾಗಿಯನ್ನೂ ಹಳ್ಳಿಯ ರಸ್ತೆಗಳ ಮೇಲೆ ಒಕ್ಕಣೆಗೆ ಹರಡುತ್ತಾರೆ. ಅದರ ಹೊಟ್ಟು ಹಾರಿ ರೇಡಿಯೇಟರಿನ ರೆಕ್ಕೆಗಳ ನಡುವೆ ತುಂಬಿ, ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ಇಂಥ ಸಂದರ್ಭದಲ್ಲಿ ಹಗುರವಾಗಿ ನೀರು ಹಾಯಿಸಿ ತೊಳೆದರೇ ರೋಗ ವಾಸಿಯಾಗಬಹುದು.

ಇಷ್ಟು ಕಾಯಿಲೆಗಳೂ ಅಗ್ಗದವು. ದುಬಾರಿಯಾದದ್ದು ಮುಂದಿನದು. ಅನೇಕ ಇಂಜಿನ್ನುಗಳಲ್ಲಿ ಕೆಳಗಿನ ಭಾಗ ಎರಕದ ಕಬ್ಬಿಣದ್ದು, ಹೆಡ್ ಎಂಬ ಮೇಲಿನ ಭಾಗ ಅಲ್ಯೂಮಿನಿಯಮ್ಮಿನದು. ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಅಳತೆ ಮೀರಿ ಕಾದರೆ ಹೆಡ್ ಬಾಗುತ್ತದೆ, ಎರಡರ ನಡುವಣ ಗ್ಯಾಸ್ಕೆಟ್ಟು ಒಡೆಯುತ್ತದೆ; ನೀರು ಎಣ್ಣೆಯಲ್ಲಿ ಬೆರೆಯುತ್ತದೆ, ಉರಿಯುವ ಗಾಳಿ ನೀರಿಗೆ ನುಗ್ಗುತ್ತದೆ. ಆಗ ಬಿಚ್ಚಬೇಕಾದದ್ದು ರೇಡಿಯೇಟರಲ್ಲ, ಇಂಜಿನ್ನು. ಈ ಎರಡು ಕಾಯಿಲೆಗಳ ಭೇದವನ್ನು ತಿಳಿಯುವುದೇ ತೀರ್ಮಾನದ ಬೀಗದ ಕೈ.

೪. ಪರೀಕ್ಷೆ

ರಾತ್ರಿಯೆಲ್ಲ ನಿಂತು ಪೂರ್ತಿ ತಣಿದ ಕಾರನ್ನು ಬೆಳಿಗ್ಗೆ ಪರೀಕ್ಷಿಸಬೇಕು. ಬಿಸಿಯಾಗಿರುವಾಗ ಮುಚ್ಚಳವನ್ನು ಮುಟ್ಟಲೇಕೂಡದು.

ಮೊದಲು ಕಾರು ನಿಂತಿದ್ದ ನೆಲವನ್ನು ನೋಡಿರಿ. ಬಣ್ಣದ ತೇವವಿದ್ದರೆ ಅದರ ಮೇಲ್ಗಡೆಯಲ್ಲಿರುವ ಅಂಗವನ್ನು ಶಂಕಿಸಿರಿ. ಹೋಸ್ ಪೈಪುಗಳನ್ನು ಹಿಸುಕಿ ನೋಡಿರಿ. ಮುಚ್ಚಳದ ರಬ್ಬರನ್ನು ನೋಡಿರಿ. ನೀರು ತುಕ್ಕಿನ ಬಣ್ಣಕ್ಕೆ ತಿರುಗಿದೆಯೋ ನೋಡಿರಿ. ಇಂಜಿನ್ನನ್ನು ಹೊರಡಿಸಿ ಕಾಯಲು ಬಿಟ್ಟು, ಮುಳ್ಳು ನಡುವನ್ನು ದಾಟುವಾಗ ಫ್ಯಾನು ತಿರುಗುತ್ತದೋ ಗಮನಿಸಿರಿ. ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಸರಿಯಾಗಿದ್ದು ಪೇಟೆಯ ಗದ್ದಲದಲ್ಲಿ ಮಾತ್ರ ಮುಳ್ಳು ಏರಿದರೆ ಫ್ಯಾನಿನ ದೋಷವಿರಬಹುದು; ಏರಿನಲ್ಲಿಯೂ ವೇಗದಲ್ಲಿಯೂ ಏರಿದರೆ ರೇಡಿಯೇಟರು ಕಟ್ಟಿರಬಹುದು ಅಥವಾ ಥರ್ಮೋಸ್ಟಾಟು ಕಚ್ಚಿರಬಹುದು.

ಅನಂತರ ಇಂಜಿನ್ನಿಗೆ ಪೆಟ್ಟು ತಗಲಿದೆಯೋ ಎಂಬುದನ್ನು ನೋಡಬೇಕು. ಎಣ್ಣೆ ತುಂಬುವ ಮುಚ್ಚಳದ ಒಳಗಡೆಯಲ್ಲಿ ಅಥವಾ ಎಣ್ಣೆಯ ಅಳತೆಕಡ್ಡಿಯ ಮೇಲೆ ಮಜ್ಜಿಗೆಯಂಥ ಬಿಳಿ ನೊರೆಯಿದೆಯೆ? ಇಂಜಿನ್ ಕಾದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಆವಿ ಸಿಹಿವಾಸನೆಯೊಡನೆ ಬರುತ್ತಿದೆಯೆ? ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಹೊರಡಿಸಿದ ಕೂಡಲೆ ನೀರಿನಲ್ಲಿ ಎಡೆಬಿಡದೆ ಗುಳ್ಳೆಗಳು ಏಳುತ್ತಿವೆಯೆ? ಎಲ್ಲಿಯೂ ಸೋರದೆ ನೀರು ಮಾಯವಾಗುತ್ತಿದೆಯೆ? ಇವುಗಳಲ್ಲಿ ಒಂದು ಕಂಡರೂ ಗ್ಯಾಸ್ಕೆಟ್ಟನ್ನು ಶಂಕಿಸತಕ್ಕದ್ದು. ಒಂದು ಗುರುತನ್ನೇ ನಂಬಿ ನಿರ್ಣಯಿಸಬಾರದು; ತಣ್ಣಗಿನ ಬೆಳಗಿನಲ್ಲಿ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಮುಚ್ಚಳದಲ್ಲಿ ಬರಿಯ ಇಬ್ಬನಿಯಂಥ ತೇವದಿಂದಲೂ ನೊರೆ ಕೂಡುವುದುಂಟು. ವರ್ಕ್‌ಶಾಪಿನಲ್ಲಿ ಒತ್ತಡದ ಪಂಪಿನಿಂದ ಸೋರಿಕೆಯನ್ನು ಹುಡುಕಬಹುದು. ನೀರಿನಲ್ಲಿ ಉರಿದ ಗಾಳಿ ಬೆರೆತಿದೆಯೇ ಎಂದು ಬಣ್ಣ ಬದಲಾಗುವ ದ್ರವದಿಂದ ತಿಳಿಯಬಹುದು. ರಿಪೇರಿಗೆ ಒಪ್ಪುವ ಮುಂಚೆ ಈ ಪರೀಕ್ಷೆಗಳನ್ನು ಕೇಳಿ ಮಾಡಿಸಬೇಕು.

೫. ತೀರ್ಮಾನ

ಈಗ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲಿಯೇ ಕೇಳಿಕೊಳ್ಳತಕ್ಕದ್ದು.

ಮೊದಲನೆಯದು: ಇಂಜಿನ್ನು ಬೆಂದಿದೆಯೋ, ಇಲ್ಲವೋ? ಬೆಂದಿಲ್ಲವಾದರೆ ಕಾಯಿಲೆಯು ತಂಪು ಮಾಡುವ ಅಂಗಗಳಲ್ಲಿ ಮಾತ್ರ ಉಂಟು.

ಎರಡನೆಯದು: ಕಾರಿನ ಉಳಿದ ದೇಹವೂ ಕಾಗದಪತ್ರಗಳೂ ಎಷ್ಟು ಕಾಲ ಬಾಳುವವು? ತಳದ ತಗಡು ತುಕ್ಕು ತಿಂದು ತೂತಾಗಿದ್ದರೆ, ಬ್ರೇಕೂ ಸ್ಟೇರಿಂಗೂ ಸಡಿಲವಾಗಿದ್ದರೆ, ನೀರಿನ ದುರಸ್ತಿಯಿಂದ ಕಾರು ಉಳಿಯದು. ಕಾನೂನಿನ ಪ್ರಕಾರ ಸ್ವಂತ ಉಪಯೋಗದ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್.ಟಿ.ಓ. ಕಚೇರಿಯ ತಪಾಸಣೆಯಲ್ಲಿ ಯೋಗ್ಯವೆಂದು ಕಂಡರೆ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ನವೀಕರಣದ ಶುಲ್ಕವನ್ನು ೨೦೨೨ರ ಏಪ್ರಿಲಿನಿಂದ ೫,೦೦೦ ರೂಪಾಯಿಗೆ ಏರಿಸಲಾಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ೨೦೨೫ರಲ್ಲಿ ಅದನ್ನು ೧೦,೦೦೦ ರೂಪಾಯಿಯಾಗಿ ಮಾಡಲಾಯಿತು. ಹದಿನೆಂಟು ವರ್ಷದ ಕಾರಿಗೆ ಮುಂದಿನ ತಪಾಸಣೆ ಎರಡು ವರ್ಷದ ಮೇಲೆ ಬರುವುದರಿಂದ ನಮ್ಮ ಲೆಕ್ಕವನ್ನು ಇಪ್ಪತ್ತನಾಲ್ಕು ತಿಂಗಳಿಗೆ ನಿಲ್ಲಿಸುವುದು ವಿವೇಕ.

ಮೂರನೆಯದು: ಈ ಕಾರಿಲ್ಲದಿದ್ದರೆ ಅದೇ ಪ್ರಯಾಣಕ್ಕೆ ಏನು ಖರ್ಚಾಗುವುದು? ಸಾಮಾನ್ಯವಾಗಿ ಜನರು ದುರಸ್ತಿಯ ಖರ್ಚನ್ನು ಕಾರಿನ ಮಾರಾಟದ ಬೆಲೆಗೆ ಹೋಲಿಸಿ, ಇಷ್ಟು ಬೆಲೆಯ ಗಾಡಿಗೆ ಇಷ್ಟು ಖರ್ಚೆ ಎನ್ನುತ್ತಾರೆ. ಇದು ತಪ್ಪು ತಕ್ಕಡಿ. ನಾವು ಕೊಳ್ಳುವುದು ಪ್ರಯಾಣವನ್ನು. ಆದುದರಿಂದ ಬೇರೆ ರೀತಿಯಲ್ಲಿ ಪ್ರಯಾಣ ಮಾಡುವ ಖರ್ಚಿಗೇ ಹೋಲಿಸಬೇಕು. ಹಾಗೆಯೇ, ಹೋದ ವರ್ಷ ಟೈರು ಹಾಕಿಸಿದೆವು, ಅದು ದಂಡವಾಗುವುದಲ್ಲಾ ಎಂದೂ ಎಣಿಸಬಾರದು. ಕೊಟ್ಟ ಹಣ ಕಾರನ್ನು ಇಟ್ಟುಕೊಂಡರೂ ಬಾರದು, ಮಾರಿದರೂ ಬಾರದು. ಲೆಕ್ಕಕ್ಕೆ ತಕ್ಕದ್ದು ಇನ್ನು ಮುಂದೆ ಕೊಡತಕ್ಕ ಹಣ ಮಾತ್ರ.

ಮಾದರಿಗಾಗಿ ಒಂದು ಲೆಕ್ಕ. ಇದರ ಅಂಕೆಗಳು ಪಾಠಕ್ಕಾಗಿ ಇಟ್ಟುಕೊಂಡವು. ನಿಮ್ಮ ಊರಿನ ದರಗಳನ್ನು ನೀವೇ ತುಂಬಿಕೊಳ್ಳತಕ್ಕದ್ದು.

ತಿಂಗಳಿಗೆ ಎಂಟು ಸಾರಿ ಹಾಸನಕ್ಕೆ ಹೋಗಿಬರುವುದು. ಸಾರಿಗೆ ೩೦ ಕಿಲೋಮೀಟರಿನಂತೆ ೨೪೦ ಕಿಲೋಮೀಟರ್. ಲೀಟರಿಗೆ ೧೫ ಕಿಲೋಮೀಟರ್ ಓಡಿದರೆ ೧೬ ಲೀಟರ್ ಪೆಟ್ರೋಲು. ಲೀಟರಿಗೆ ೧೦೦ ರೂಪಾಯಿಯಂತೆ ೧,೬೦೦ ರೂಪಾಯಿ. ವಿಮೆಗೂ ಸರ್ವಿಸಿಗೂ ತಿಂಗಳಿಗೆ ೬೦೦. ಒಟ್ಟು ೨,೨೦೦. ಬಾಡಿಗೆ ಕಾರಾದರೆ ಸಾರಿಗೆ ೬೦೦ರಂತೆ ೪,೮೦೦. ಸ್ವಂತ ಕಾರಿನಿಂದ ತಿಂಗಳಿಗೆ ಉಳಿಯುವುದು ೨,೬೦೦. ಇಪ್ಪತ್ತನಾಲ್ಕು ತಿಂಗಳಿಗೆ ೬೨,೪೦೦.

ಇನ್ನು ಕಾರನ್ನು ಇಟ್ಟುಕೊಳ್ಳುವುದಕ್ಕೆ ತಗಲುವ ಖರ್ಚು. ರೇಡಿಯೇಟರು, ಪಂಪು, ಹೋಸ್ ಪೈಪು, ಥರ್ಮೋಸ್ಟಾಟು, ಮುಚ್ಚಳ, ಕೂಲೆಂಟ್, ಕೂಲಿ ಎಲ್ಲ ಸೇರಿ ೧೨,೦೦೦ ಎನ್ನೋಣ. ಇಂದು ಮಾರಿದರೆ ೪೦,೦೦೦ ಬರುವ ಕಾರು ಎರಡು ವರ್ಷದ ಮೇಲೆ ೨೫,೦೦೦ ಮಾತ್ರ ತಂದೀತು. ಆ ೧೫,೦೦೦ ರೂಪಾಯಿಯ ಇಳಿತವೂ ಖರ್ಚೇ. ಒಟ್ಟು ೨೭,೦೦೦. ತಿಂಗಳಿಗೆ ೨,೬೦೦ರಂತೆ ಉಳಿಸಿದರೆ ಹನ್ನೊಂದನೆಯ ತಿಂಗಳಿಗೆ ಈ ಹಣ ಹಿಂದಿರುಗುತ್ತದೆ. ಹೀಗಿರಲು ದುರಸ್ತಿಯೇ ಸರಿ.

ಆದರೆ ಇಂಜಿನ್ ಬೆಂದು, ಹೆಡ್ಡನ್ನು ಇಳಿಸಿ ಸಮಮಾಡಿ ಗ್ಯಾಸ್ಕೆಟ್ಟು ಹಾಕುವುದಕ್ಕೂ ಅದರೊಡನೆ ಕಂಡುಬರುವ ಇತರ ಕೆಲಸಕ್ಕೂ ಇನ್ನು ೩೫,೦೦೦ ಬೇಕಾದರೆ ಒಟ್ಟು ೬೨,೦೦೦ ಆಯಿತು. ಉಳಿತಾಯವೂ ೬೨,೪೦೦. ಆಗ ಲಾಭವಿಲ್ಲ, ಬಿಚ್ಚಿದ ಹಳೆಯ ಇಂಜಿನ್ ಎರಡು ವರ್ಷ ಬಾಳುವುದೆಂಬ ಭರವಸೆಯೂ ಕಡಮೆ. ಇಲ್ಲಿ ವಿಲೇವಾರಿಯೇ ಸರಿ.

ಇದರಿಂದ ತಿಳಿಯತಕ್ಕದ್ದೇನಂದರೆ, ಹದಿನೆಂಟು ವರ್ಷವೆಂಬ ವಯಸ್ಸು ತೀರ್ಮಾನವನ್ನು ಹೇಳುವುದಿಲ್ಲ. ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು ಹೇಳುತ್ತದೆ. ಮೈದುನನ ಮಾತು ಬೆಂದ ಇಂಜಿನ್ನಿಗೆ ಸರಿ, ಬೇಯದ ಇಂಜಿನ್ನಿಗೆ ಸರಿಯಲ್ಲ. ವರ್ಕ್‌ಶಾಪಿನವರ ಮಾತು ಪರೀಕ್ಷೆಯಾದ ಮೇಲೆ ಸರಿ. ಎಲ್ಲಕ್ಕಿಂತ ದುಬಾರಿಯಾದದ್ದು ಮಾವನವರ ಮಾತೇ. ಯಾಕೆಂದರೆ ದಿನದಿನ ನೀರು ತುಂಬಿಕೊಂಡು ನಡೆಸುವುದು ೧೨,೦೦೦ದ ಕಾಯಿಲೆಯನ್ನು ೪೭,೦೦೦ದ ಕಾಯಿಲೆಯಾಗಿ ಮಾಡುವ ದಾರಿ. ಅವರ ಕಾಲದ ಅನುಭವವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹೆಡ್ಡೂ ಎರಕದ ಕಬ್ಬಿಣದ್ದಾಗಿದ್ದ ಅಂಬಾಸಡರ್ ಮುಂತಾದ ಗಾಡಿಗಳು ಇಂಥ ಉಪಚಾರವನ್ನು ಸ್ವಲ್ಪಮಟ್ಟಿಗೆ ಸಹಿಸುತ್ತಿದ್ದವು. ಅಲ್ಯೂಮಿನಿಯಮ್ ಹೆಡ್ಡಿನ ಸಣ್ಣ ಇಂಜಿನ್ನು ಸಹಿಸಲಾರದು.

ನಮ್ಮ ವಿದ್ಯಾರ್ಥಿನಿಯು ಬೆಳಗಿನ ಪರೀಕ್ಷೆಯನ್ನು ತಾನೇ ಮಾಡಿ, ಮಿಕ್ಕ ಎರಡನ್ನು ವರ್ಕ್‌ಶಾಪಿನಲ್ಲಿ ತನ್ನೆದುರಿಗೆ ಮಾಡಿಸಿದಳು. ಎಣ್ಣೆ ಶುದ್ಧವಾಗಿತ್ತು, ನೀರಿನಲ್ಲಿ ಉರಿದ ಗಾಳಿಯಿರಲಿಲ್ಲ. ಪಂಪು ಜಿನುಗುತ್ತಿತ್ತು, ರೇಡಿಯೇಟರಿನ ಕೆಳಭಾಗದಲ್ಲಿ ಸುಣ್ಣ ಕಟ್ಟಿತ್ತು. ಲೆಕ್ಕವನ್ನು ಬರೆದು ಮನೆಯವರ ಮುಂದಿಟ್ಟಳು. ದುರಸ್ತಿ ಮಾಡಿಸುವುದೆಂದೂ, ಇಪ್ಪತ್ತನೆಯ ವರ್ಷದ ತಪಾಸಣೆಗೆ ಮುಂಚೆ ಮತ್ತೆ ಲೆಕ್ಕ ಹಾಕುವುದೆಂದೂ, ಅಷ್ಟರವರೆಗೆ ತಿಂಗಳ ಉಳಿತಾಯದಲ್ಲಿ ಒಂದು ಪಾಲನ್ನು ಮುಂದಿನ ಕಾರಿಗಾಗಿ ಎತ್ತಿಡುವುದೆಂದೂ ನಿಶ್ಚಯವಾಯಿತು. ಮಾವನವರೇ ಮೊದಲು ಒಪ್ಪಿದರೆಂದು ಆಕೆ ತಿಳಿಸಿದ್ದಾಳೆ.

೬. ಅಡ್ಡದಾರಿಗಳು

ದುರಸ್ತಿ ಮಾಡಿಸುವುದಾದರೆ ಅರೆಬರೆ ಮಾಡಿಸಕೂಡದು. ಥರ್ಮೋಸ್ಟಾಟನ್ನು ಕಿತ್ತುಬಿಟ್ಟರೆ ಬಿಸಿಯಾಗುವುದಿಲ್ಲವೆಂದು ಕೆಲವರು ಹೇಳುವುದುಂಟು. ಆಗ ಇಂಜಿನ್ ಬೇಗ ಕಾಯದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ; ಕೆಲವು ಇಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಒಳದಾರಿಯಲ್ಲೇ ಸುತ್ತಿ ಇನ್ನಷ್ಟು ಬಿಸಿಯಾಗುತ್ತದೆ. ಸೋರುವ ತೂತನ್ನು ಮುಚ್ಚಲು ಅರಿಶಿನದ ಪುಡಿಯನ್ನೋ ಡಬ್ಬಿಯಲ್ಲಿ ಮಾರುವ ಅಂಟನ್ನೋ ಹಾಕುವುದೂ ರೂಢಿಯಲ್ಲಿದೆ. ನಡುದಾರಿಯಲ್ಲಿ ಮನೆ ಸೇರುವ ಮಟ್ಟಿಗೆ ಅದು ಉಪಾಯವಾಗಬಹುದು, ಚಿಕಿತ್ಸೆಯಲ್ಲ; ಸೋರುವ ತೂತಿನೊಡನೆ ಹರಿಯಬೇಕಾದ ಕಿರುನಾಳಗಳೂ ಮುಚ್ಚಿಹೋಗುವುವು.

ವರ್ಕ್‌ಶಾಪಿನಲ್ಲಿ ಮೊದಲು ಖರ್ಚಿನ ಅಂದಾಜನ್ನು ಬರಹದಲ್ಲಿ ಕೇಳಿರಿ. ತೆಗೆದ ಹಳೆಯ ಭಾಗಗಳನ್ನು ತೋರಿಸಬೇಕೆಂದು ಮುಂಚಿತವಾಗಿಯೇ ಹೇಳಿರಿ. ಕೆಲಸ ಮುಗಿದ ಮೇಲೆ ನೀರಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಿದ್ದಾರೆಯೇ, ಫ್ಯಾನು ತಾನಾಗಿ ತಿರುಗಿ ತಾನಾಗಿ ನಿಲ್ಲುತ್ತದೆಯೇ ಎಂದು ನೋಡಿಕೊಂಡೇ ಹಣ ಕೊಡಿರಿ. ಮರ್ಯಾದೆಯಿಂದ ಕೇಳಿದ ಸ್ಪಷ್ಟವಾದ ಪ್ರಶ್ನೆಗೆ ಒಳ್ಳೆಯ ಕೆಲಸಗಾರನು ಬೇಸರಪಡುವುದಿಲ್ಲ.

೭. ದಾರಿಯಲ್ಲಿ ಕುದಿದರೆ

ಮುಳ್ಳು ಏರತೊಡಗಿದ ಕೂಡಲೆ ಏ.ಸಿ.ಯನ್ನು ನಿಲ್ಲಿಸಿರಿ, ಹೀಟರಿದ್ದರೆ ಪೂರ್ತಿ ತೆರೆಯಿರಿ, ಇಂಜಿನ್ನಿನ ಶಾಖ ಸ್ವಲ್ಪ ಅದರ ಮೂಲಕ ಹೊರಬರುವುದು. ಇಳಿಯದಿದ್ದರೆ ರಸ್ತೆಯ ಪಕ್ಕದಲ್ಲಿ, ತಿರುವಿಗೆ ದೂರವಾಗಿ, ನಿಲ್ಲಿಸಿ ಇಂಜಿನ್ನನ್ನು ಆರಿಸಿರಿ. ಇನ್ನು ಐದೇ ಕಿಲೋಮೀಟರ್ ಎಂದು ಮುಂದುವರಿಯಬೇಡಿರಿ. ಇಂಜಿನ್ನು ಬೇಯುವುದು ಆ ಐದು ಕಿಲೋಮೀಟರಿನಲ್ಲಿಯೇ. ನೀರು ಪೂರ್ತಿ ತೀರಿದ ಮೇಲೆ ಮುಳ್ಳು ಸುಳ್ಳಾಗಿ ಕೆಳಗಿಳಿಯುವುದೂ ಉಂಟು, ಅದನ್ನು ನಂಬಬಾರದು. ಅರ್ಧ ಗಂ���ೆಗೆ ಕಡಮೆಯಿಲ್ಲದೆ ಕಾಯಿರಿ. ಬಿಸಿಯಾದ ಮುಚ್ಚಳವನ್ನು ತೆರೆದರೆ ತಡೆದಿದ್ದ ಒತ್ತಡವು ಒಮ್ಮೆಲೆ ಬಿಟ್ಟು ಕುದಿನೀರು ಮುಖಕ್ಕೆ ಎರಚುವುದು. ಸುಡುವ ಇಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಲೋಹ ಬಿರಿಯುವುದು. ರೋಗಿಯು ಜೊತೆಯಲ್ಲಿದ್ದರೆ ಕಾರಿನ ಹಂಬಲವನ್ನು ಬಿಟ್ಟು ಬೇರೆ ಗಾಡಿಯನ್ನು ಕರೆಸಿ ಅವರನ್ನು ಮೊದಲು ಕಳುಹಿಸಿರಿ.

ಪಾಠದ ಸಾರ

ತಂಪು ಮಾಡುವ ಅಂಗಗಳು ಅಗ್ಗ, ಅವು ಕಾಯುವ ಇಂಜಿನ್ನು ದುಬಾರಿ. ಇಂಜಿನ್ ಬೇಯುವ ಮುಂಚೆ ಮಾಡಿದ ದುರಸ್ತಿ ಉಳಿತಾಯ. ಬೆಂದ ಮೇಲೆ ಮಾಡಿದ ದುರಸ್ತಿ ಅನೇಕ ವೇಳೆ ನಷ್ಟ. ಆದಕಾರಣ ಮೊದಲು ಪರೀಕ್ಷೆ, ಆಮೇಲೆ ಲೆಕ್ಕ, ಕಡೆಗೆ ತೀರ್ಮಾನ. ಈ ಕ್ರಮವನ್ನು ಹಿಂದುಮುಂದು ಮಾಡಕೂಡದು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

(೧) ಮಂಗಳೂರಿನಲ್ಲಿಯೂ ಹಾಸನದಲ್ಲಿಯೂ ನೀರು ಒಂದೇ ಉಷ್ಣದಲ್ಲಿ ಕುದಿಯದಿರುವುದಕ್ಕೆ ಕಾರಣವೇನು? ಇದರಿಂದ ರೇಡಿಯೇಟರಿನ ಮುಚ್ಚಳದ ಮಹತ್ವವನ್ನು ವಿವರಿಸಿರಿ.

(೨) ಪೇಟೆಯಲ್ಲಿ ನಿಂತಾಗ ಮಾತ್ರ ಬಿಸಿಯಾಗುವ ಕಾರಿನಲ್ಲಿ ಯಾವ ಅಂಗವನ್ನು ಮೊದಲು ನೋಡುವಿರಿ? ಯಾಕೆ?

(೩) ಮೇಲಿನ ಮಾದರಿ ಲೆಕ್ಕದಲ್ಲಿ ಬಾಡಿಗೆ ಕಾರಿನ ದರ ಸಾರಿಗೆ ೪೦೦ ರೂಪಾಯಿಯಾಗಿದ್ದರೆ, ೨೭,೦೦೦ ರೂಪಾಯಿ ಇಪ್ಪತ್ತನಾಲ್ಕು ತಿಂಗಳಲ್ಲಿ ಹಿಂದಿರುಗುವುದೇ? ಆಗ ನಿಮ್ಮ ತೀರ್ಮಾನವೇನು?

(೪) ನಿಮ್ಮ ಮನೆಯಲ್ಲಿರುವ ಯಾವುದಾದರೊಂದು ಹಳೆಯ ಯಂತ್ರವನ್ನು, ಹೊಲಿಗೆ ಯಂತ್ರವನ್ನಾಗಲಿ ನೀರೆತ್ತುವ ಪಂಪನ್ನಾಗಲಿ, ಆರಿಸಿಕೊಂಡು ಇದೇ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರ ಬರೆಯಿರಿ.